ಪಿ16: ಜೀವಕೋಶದೊಳಗಿನ ಬ್ರೇಕ್

ಬ್ರೇಕ್, ಕ್ಲಚ್ ಬಗ್ಗೆ ಮೆಕ್ಯಾನಿಕಲ್‌ನವರಿಗೆ ಹೇಳಿಕೊಡಬೇಕಾಗಿಲ್ಲ. ಆದ್ರ ನಮ್ಮ ಮೈಯೊಳಗಿನ ಜೀವಕೋಶಕ್ಕೂ ಒಂದು ಬ್ರೇಕ್ ಅದ. ಅದರ ಹೆಸರು ಪಿ16. ತೂಕ ಸುಮಾರು 16 ಕಿಲೋಡಾಲ್ಟನ್, ಅದಕ್ಕ ಆ ಹೆಸರು. ಬರೇ 156 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನ್.

ಮೊದಲು ಎಂಜಿನ್ ನೋಡೋಣ. ಕೋಶ ಎರಡಾಗಬೇಕಾದ್ರ ಮೊದಲು ತನ್ನ ಡಿಎನ್‌ಎ ನಕಲು ಮಾಡ್ಕೋಬೇಕು. ಆ ದಾರಿಗೆ ಆರ್‌ಬಿ ಅನ್ನೋ ಪ್ರೋಟೀನ್ ಕಾವಲು ನಿಂತಿರ್ತದ. ಸಿಡಿಕೆ4 ಮತ್ತು ಸಿಡಿಕೆ6 ಎಂಬ ಕಿಣ್ವಗಳು ಎಟಿಪಿಯಿಂದ ಫಾಸ್ಫೇಟ್ ತಗೊಂಡು ಆರ್‌ಬಿಗೆ ಅಂಟಿಸಿದಾಗ ಕಾವಲು ಸಡಿಲಾಗ್ತದ. ಆದರೆ ಈ ಕಿಣ್ವಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಸೈಕ್ಲಿನ್ ಡಿ ಬಂದು ಜೋಡಿಯಾಗಬೇಕು.

ಇಲ್ಲೇ ಪಿ16 ಕೈ ಹಾಕೋದು. ಅದರ ರಚನೆಯಲ್ಲಿ ಆಂಕಿರಿನ್ ಎಂಬ ಮಾದರಿ ನಾಲ್ಕು ಸಲ ಬರುತ್ತದೆ. ಒಂದೊಂದರಲ್ಲೂ ಸುಮಾರು 33 ಅಮೈನೋ ಆಮ್ಲ, ಅಕ್ಕಪಕ್ಕ ಎರಡು ಸುರುಳಿ. ಖಡಕ್ ರೊಟ್ಟಿ ಒಂದರ ಮ್ಯಾಲೊಂದು ಪೇರಿಸಿಟ್ಟಂಗ ನಾಲ್ಕೂ ಕೂತಿರ್ತಾವ.

1998ರಲ್ಲಿ ನ್ಯೂಯಾರ್ಕಿನ ನಿಕೋಲಾ ಪಾವ್ಲೆಟಿಚ್ ಅವರ ತಂಡ ಪಿ16 ಸಿಡಿಕೆ6ಗೆ ಅಂಟಿರುವ ಹರಳನ್ನು ಎಕ್ಸ್‌ರೇಯಿಂದ ನೋಡಿತು. ಬ್ರೇಕ್ ಸೈಕ್ಲಿನ್‌ನ ಜಾಗದಲ್ಲೇ ಕೂತು ಅದನ್ನ ತಡೀತದ ಅಂತ ನಮಗೆ ಅನ್ನಿಸಬಹುದು. ಹಂಗಿಲ್ಲ. ಅದು ಕೂಡೋದು ಎದುರು ಬದಿಗೆ. ಅಲ್ಲಿಂದ ಒತ್ತಿ ಕಿಣ್ವದ ಆಕಾರವನ್ನೇ ತಿರುಚುತ್ತದೆ. ಬಾಗಿಲ ಚೌಕಟ್ಟು ಸೊಟ್ಟಾದ್ರ ಚಿಲಕ ಕೂಡಂಗಿಲ್ಲ ನೋಡ್ರಿ, ಹಂಗ ಆ ಕಡೆ ಸೈಕ್ಲಿನ್ ಕೂಡೋದಿಲ್ಲ. ಎಟಿಪಿಯ ಗೂಡೂ ಕೆಡುತ್ತದೆ.

ಆಕಾರವೇ ಕೆಲಸ ಅಂದಮ್ಯಾಲ, ಒಂದು ಅಮೈನೋ ಆಮ್ಲ ಬದಲಾದರೂ ಕೆಲವು ಸಲ ಆ ಪೇರಿಕೆ ಸಡಿಲಾಗಿ ಬ್ರೇಕ್ ಹಿಡಿಯೋದಿಲ್ಲ. ಬಾಯಿ ಕ್ಯಾನ್ಸರಿನ ಅನೇಕ ಗಡ್ಡೆಗಳಲ್ಲಿ ಸ್ಥಿತಿ ಇನ್ನೂ ಕೆಟ್ಟದ್ದು: ಪಿ16ರ ಜೀನೇ ಅಳಿಸಿಹೋಗಿರ್ತದ, ಇಲ್ಲಾ ಮೀಥೈಲ್ ಗುಂಪು ಅಂಟಿ ಬಂದಾಗಿರ್ತದ.

ಹುಬ್ಬಳ್ಳಿ-ಧಾರವಾಡದಾಗ ಓದೋ ನಮಗ ಇದು ದೂರದ ಮಾತಲ್ಲ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯ್ತು. ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ತಗೊಂಡು ಕಲಸಿ ಹಾಕ್ಕೊಳ್ಳೋರು ಇದ್ದೇ ಇದ್ದಾರ. "ನಾ ಬರೇ ಅಡಿಕಿ ತಿಂತೀನಲೇ" ಅನ್ನೋ ಗೆಳೆಯರಿಗೂ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಕಳೆದ ಬ್ರೇಕನ್ನ ಹೊರಗಿಂದ ಹಾಕಬಹುದಾ? ಸ್ವಲ್ಪ ಮಟ್ಟಿಗೆ ಹೌದು. 2015ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆದ ಪಾಲ್ಬೊಸಿಕ್ಲಿಬ್ ಸಿಡಿಕೆ4, 6ರ ಎಟಿಪಿ ಗೂಡಿನಲ್ಲಿ ಕೂತು ಅವನ್ನು ನಿಲ್ಲಿಸುತ್ತದೆ. ಆದರೆ ಆರ್‌ಬಿಯೇ ಇಲ್ಲದ ಗಡ್ಡೆಯಲ್ಲಿ ಈ ಮದ್ದು ನಡೆಯೋದಿಲ್ಲ. ಕಾವಲುಗಾರನೇ ಓಡಿಹೋದಮ್ಯಾಲ ಸಿಡಿಕೆಯನ್ನ ಕಟ್ಟಿಹಾಕಿ ಏನು ಉಪಯೋಗ?

ಪ್ರೋಟೀನ್ ಡೇಟಾ ಬ್ಯಾಂಕ್ ತೆರೆದು 1ಬಿಐ7 ಎಂಬ ಸಂಕೇತವನ್ನು ಇಂಗ್ಲಿಷ್ ಅಕ್ಷರದಾಗ ಹಾಕ್ರಿ. ಪಿ16, ಸಿಡಿಕೆ6 ಎರಡೂ ಪರದೆ ಮ್ಯಾಲ ಬರ್ತಾವ. ಮೌಸ್ ಹಿಡಿದು ತಿರುಗಿಸಿ ನೋಡ್ರಿ. ಪುಕ್ಕಟೆ ಅದ.