ದಂಡನ್ಯಾಯದ ಮೊದಲ ಪಾಠ

‘ಠಾಣೆಯ ಮೆಟ್ಟಿಲು ಹತ್ತದ ಮನೆತನ’ ಎಂಬುದು ನಮ್ಮ ಸಮಾಜದಲ್ಲಿ ಇಂದಿಗೂ ಒಂದು ದೊಡ್ಡ ಹೊಗಳಿಕೆ. ಬೀಗತನ ಬೆಳೆಸಲು ಬಂದ ಹಿರಿಯರು ಹೊಲ, ಮನೆ, ವಿದ್ಯೆಗಳನ್ನು ವಿಚಾರಿಸಿದ ಮೇಲೆ ದನಿ ತಗ್ಗಿಸಿ ಕೇಳುವ ಕೊನೆಯ ಪ್ರಶ್ನೆಯೂ ಇದೇ ಆಗಿರುತ್ತದೆ. ಇಂಥ ವಾತಾವರಣದಲ್ಲಿ ಮೂರು ವರ್ಷಗಳ ಹಿಂದೆ ನಮ್ಮ ತಮ್ಮನ ಮಗಳು ಪಿ.ಯು.ಸಿ. ಮುಗಿಸಿ, ಬಿ.ಎ. ಪದವಿಗೆ ಅಪರಾಧಶಾಸ್ತ್ರವನ್ನು ಒಂದು ವಿಷಯವನ್ನಾಗಿ ಆರಿಸಿಕೊಂಡಾಗ ಮನೆಯಲ್ಲಿ ಎದ್ದ ಗದ್ದಲವನ್ನು ಓದುಗರು ಊಹಿಸಬಲ್ಲರು. ಶಿಕ್ಷಕಿಯಾಗಲಿ, ಬ್ಯಾಂಕು ಸೇರಲಿ, ಕಳ್ಳಕಾಕರ ವಿದ್ಯೆ ಹೆಣ್ಣುಮಗಳಿಗೆ ಏತಕ್ಕೆ ಎಂದು ಕೇಳಿದವರಲ್ಲಿ ನಾವೂ ಒಬ್ಬರಾಗಿದ್ದೆವು. ಆ ಪ್ರಶ್ನೆಯನ್ನು ನಾವು ಹಿಂದಕ್ಕೆ ಪಡೆಯಬೇಕಾಗಿ ಬಂದ ಸಂಗತಿಯನ್ನೇ ಇಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮ ಊರಿನ ಒಂದು ಸಜ್ಜನ ಕುಟುಂಬ. ಯಜಮಾನರು ಅರಿವೆ ಅಂಗಡಿ ನಡೆಸುವವರು. ಮಠದ ಮಾಸಿಕ ಶಿವಾನುಭವ ಗೋಷ್ಠಿಯನ್ನು ಒಮ್ಮೆಯೂ ತಪ್ಪಿಸಿದವರಲ್ಲ. 2016ರಲ್ಲಿ ಹೊಲದ ಬದುವಿನ ಸಂಬಂಧ ದಾಯಾದಿಗಳ ನಡುವೆ ಕತ್ತಲಲ್ಲಿ ಹೊಡೆದಾಟವಾಗಿ, ದೂರಿನಲ್ಲಿ ಅವರ ಮಗನ ಹೆಸರೂ ಸೇರಿತು. ಸೋಮವಾರ ಸಂಜೆ ‘ಸ್ವಲ್ಪ ವಿಚಾರಿಸುವುದಿದೆ’ ಎಂದು ಠಾಣೆಗೆ ಕರೆದೊಯ್ದ ಆ ಯುವಕನನ್ನು ಗುರುವಾರ ಮಧ್ಯಾಹ್ನದ ವರೆಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಲಿಲ್ಲ. ತಂದೆ ನಿತ್ಯವೂ ಬುತ್ತಿ ಒಯ್ದು ಕೊಟ್ಟು, ತಲೆ ತಗ್ಗಿಸಿ ಮರಳುತ್ತಿದ್ದರು. ವಕೀಲರನ್ನು ಕಂಡರೆ ಊರಿಗೆಲ್ಲ ಸುದ್ದಿಯಾದೀತೆಂಬ ಸಂಕೋಚ ಅವರಿಗೆ. ಸುದ್ದಿಯಂತೂ ಆಗಿಯೇ ಇತ್ತು. ಆ ವಾರವೇ ಮಗನ ನಿಶ್ಚಿತಾರ್ಥ ಮುರಿಯಿತು. ಜಾಮೀನಿನ ಮೇಲೆ ಆತ ಹೊರಬಂದನಾದರೂ ತಂದೆ ಗೋಷ್ಠಿಗೆ ಬರುವುದನ್ನು ನಿಲ್ಲಿಸಿದರು. ನಾವಾದರೂ ಅವರ ಮನೆಗೆ ಹೋಗಿ ಬರಬಹುದಾಗಿತ್ತು, ಹೋಗಲಿಲ್ಲ. 2022ರಲ್ಲಿ ಆ ಯುವಕ ನಿರ್ದೋಷಿಯೆಂದು ಬಿಡುಗಡೆಯಾದಾಗ ಊರು ಆಡಿದ ಮಾತು ಒಂದೇ: ‘ಸಾಕ್ಷಿ ಸಿಗಲಿಲ್ಲ, ಬಿಟ್ಟರು.’

ನಮ್ಮ ಹುಡುಗಿ ಮೊದಲ ವರ್ಷದ ರಜೆಗೆ ಬಂದಾಗ ಈ ಮಾತು ಊಟದ ಸಮಯದಲ್ಲಿ ಬಂತು. ಅವಳು ಕೈಯಲ್ಲಿನ ತುತ್ತನ್ನು ತಾಟಿನಲ್ಲಿಯೇ ಇಟ್ಟು, “ದೊಡ್ಡಪ್ಪಾರ, ಸಾಕ್ಷಿ ಸಿಗಲಿಲ್ಲ ಅಂದ್ರ ತಪ್ಪು ಮಾಡಿದ್ದ, ಪಾರಾದ ಅಂತ ಅರ್ಥ ಅಲ್ಲರಿ. ಆರೋಪ ಮಾಡಿದವರು ಸಿದ್ಧ ಮಾಡಿ ತೋರಿಸಬೇಕು. ಅಲ್ಲೀತನಕ ಅಂವಾ ನಮ್ಮ ನಿಮ್ಮಂಗ ನಿರಪರಾಧೀನ” ಎಂದಳು. ಇದು ಅವಳ ತರಗತಿಯ ಮೊದಲ ವಾರದ ಪಾಠವಂತೆ. ಅರವತ್ತು ದಾಟಿದ ನಮಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಮೇಲೆ ಅವಳ ಪುಸ್ತಕಗಳನ್ನು ನಾವೂ ತೆರೆದು ನೋಡತೊಡಗಿದೆವು. ಅಪರಾಧ ನ್ಯಾಯ ವ್ಯವಸ್ಥೆಯೆಂದರೆ ಪೊಲೀಸರು ಎಂದಷ್ಟೇ ನಾವು ತಿಳಿದಿದ್ದೆವು. ವಾಸ್ತವದಲ್ಲಿ ಅದು ಒಬ್ಬರ ಕೈಯಲ್ಲಿರದಂತೆ ಉದ್ದೇಶಪೂರ್ವಕವಾಗಿ ಹಂಚಿಟ್ಟ ಅಧಿಕಾರ. ಪೊಲೀಸರು ತನಿಖೆ ಮಾಡಿ ದೋಷಾರೋಪಣ ಪಟ್ಟಿ ಸಲ್ಲಿಸುತ್ತಾರೆ. ತಪ್ಪಿತಸ್ಥನೆಂದು ನಿರ್ಣಯಿಸುವ ಅಧಿಕಾರ ಅವರಿಗಿಲ್ಲ. ನ್ಯಾಯಾಲಯದಲ್ಲಿ ಪ್ರಕರಣ ನಡೆಸುವವರು ಸರಕಾರಿ ಅಭಿಯೋಜಕರು. ಹೇಗಾದರೂ ಶಿಕ್ಷೆ ಕೊಡಿಸುವುದು ಅವರ ಕರ್ತವ್ಯವಲ್ಲ, ಸತ್ಯವನ್ನು ನ್ಯಾಯಾಲಯದ ಮುಂದಿಡುವುದು ಕರ್ತವ್ಯ. ತೀರ್ಪು ನ್ಯಾಯಾಧೀಶರದು. ಅದರ ನಂತರ ಬಂದೀಖಾನೆ ಅಥವಾ 1958ರ ಪರಿವೀಕ್ಷಣಾ ಕಾಯಿದೆಯಂತೆ ಸನ್ನಡತೆಯ ಮುಚ್ಚಳಿಕೆ. ಪೊಲೀಸರ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಅವನ ವಿರುದ್ಧದ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ‘ಠಾಣೆಯಲ್ಲಿ ತಾನೇ ಒಪ್ಪಿಕೊಂಡಿದ್ದಾನಂತೆ’ ಎಂದು ಕಟ್ಟೆಯ ಮೇಲೆ ತೀರ್ಪು ಕೊಡುವವರು ಇದನ್ನು ಗಮನಿಸಬೇಕು.

ಅವಳು ಅತ್ಯಂತ ಆಸ್ಥೆಯಿಂದ ವಿವರಿಸಿದ್ದು ಸಂವಿಧಾನದ 22ನೆಯ ಅನುಚ್ಛೇದವನ್ನು. ಬಂಧಿಸಿದವರು ಬಂಧನದ ಕಾರಣವನ್ನು ತಿಳಿಸಬೇಕು. ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು. ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಸಮೀಪದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದರೊಡನೆ 1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಬಂಧನದ ಸಮಯದಲ್ಲಿಯೇ ಒಂದು ಜ್ಞಾಪನಪತ್ರ ಬರೆಯಬೇಕೆಂದು ವಿಧಿಸಿತು. ದಿನಾಂಕ, ವೇಳೆ ನಮೂದಿಸಿದ ಆ ಪತ್ರಕ್ಕೆ ಮನೆಯವರಾಗಲಿ ಊರಿನ ಗಣ್ಯರಾಗಲಿ ಒಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು, ಬಂಧಿತನೂ ಹಾಕಬೇಕು.

ಇದನ್ನು ಕೇಳಿದ ನಮಗೆ ಸುಮ್ಮನಿರಲಾಗಲಿಲ್ಲ. ಅವಳನ್ನು ಕರೆದುಕೊಂಡು ಅರಿವೆ ಅಂಗಡಿಯವರ ಮನೆಗೆ ಹೋದೆವು. ಏಳು ವರ್ಷಗಳ ಮೇಲೆ ಆ ಹೊಸ್ತಿಲು ದಾಟಿದ್ದು ಅಂದೇ. ಯಜಮಾನರು ಹಳೆಯ ಕಾಗದಗಳ ಗಂಟನ್ನು ಬಿಚ್ಚಿದರು. ಅದರಲ್ಲಿ ಬಂಧನದ ಜ್ಞಾಪನಪತ್ರದ ಪ್ರತಿಯೂ ಇತ್ತು. ಬಂಧನದ ವೇಳೆ ‘ಬುಧವಾರ ರಾತ್ರಿ’ ಎಂದು ಬರೆದಿತ್ತು. ಕೆಳಗೆ ಸಾಕ್ಷಿಯ ಸಹಿ ಯಜಮಾನರದೇ. ಸೋಮವಾರ ಸಂಜೆಯಿಂದ ಬುಧವಾರ ರಾತ್ರಿಯ ವರೆಗೆ ಮಗ ಠಾಣೆಯಲ್ಲಿಯೇ ಇದ್ದುದಕ್ಕೆ ಕಾಗದದಲ್ಲಿ ಗುರುತೇ ಇಲ್ಲ. ಇರಲಿಲ್ಲವೆನ್ನುವುದಕ್ಕೆ ತಂದೆಯ ಸಹಿಯೇ ಆಧಾರವಾಗಿ ನಿಂತಿತ್ತು. ಅವರು ಬಹಳ ಹೊತ್ತು ಆ ಹಾಳೆಯನ್ನೇ ನೋಡಿ, “ತಂಗೀ, ಅದರಾಗ ಏನ ಬರದಾರ ಅಂತ ನಾ ಓದಲಿಲ್ಲವಾ. ತೋರಿಸಿದಲ್ಲಿ ಸಹಿ ಮಾಡಿದೆ. ಮಗನ್ನ ಕಣ್ಣಿಲೆ ಕಂಡರ ಸಾಕಾಗಿತ್ತು” ಎಂದರು. ಅವರು ಓದುಬರಹ ಬಾರದವರಲ್ಲ. ನಿತ್ಯ ಲೆಕ್ಕದ ವಹಿ ಬರೆಯುವವರು. ವಚನಗಳನ್ನು ಬಾಯಿಪಾಠ ಒಪ್ಪಿಸುವವರು.

ಕಾಲೇಜಿನಲ್ಲಿ ದಂಡನ್ಯಾಯದ ಮೂಲತತ್ತ್ವಗಳನ್ನು ಕಲಿಯುವುದು ವಕೀಲರಾಗುವವರಿಗೆ ಮಾತ್ರ ಎಂಬ ನಮ್ಮ ತಿಳಿವಳಿಕೆ ಅಂದು ಸಂಜೆ ಕಳಚಿತು. ಅಂಗಡಿಯ ವಹಿಯನ್ನು ಓದುವಷ್ಟೇ ಎಚ್ಚರದಿಂದ ಆ ಒಂದು ಹಾಳೆಯನ್ನು ಓದಬಲ್ಲವರು ಮನೆಗೊಬ್ಬರಾದರೂ ಬೇಕು.

ನಮ್ಮ ಹುಡುಗಿಯ ಓದಿನ ನಡುವೆಯೇ ಕಾನೂನುಗಳೂ ಬದಲಾದವು. 1860ರಲ್ಲಿ ರೂಪುಗೊಂಡು 1862ರಿಂದ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆ, 1973ರ ದಂಡಪ್ರಕ್ರಿಯಾ ಸಂಹಿತೆ, 1872ರ ಸಾಕ್ಷ್ಯ ಅಧಿನಿಯಮ ಇವು ಮೂರರ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮಗಳು ಬಂದಿವೆ. 511 ಕಲಮುಗಳಿದ್ದ ದಂಡಸಂಹಿತೆಯ ಜಾಗದಲ್ಲಿ ಈಗ 358 ಕಲಮುಗಳು. ಕೊಲೆಯ ಶಿಕ್ಷೆಗೆ ಸಂಬಂಧಿಸಿದ 302 ಈಗ 103 ಆಗಿದೆ. ಮೋಸಗಾರನಿಗೆ ನಾವು ಇಟ್ಟ ಅಡ್ಡಹೆಸರಾದ 420 ಈಗ 318. (ಹಳೆಯ ಬೈಗುಳನ್ನು ಜನ ಇಷ್ಟು ಬೇಗ ಬಿಟ್ಟಾರೆಂದು ನಮಗೆ ತೋರುವುದಿಲ್ಲ.) 2024ರ ಜುಲೈಗಿಂತ ಮೊದಲು ನಡೆದ ಅಪರಾಧಗಳಿಗೆ ಹಳೆಯ ದಂಡಸಂಹಿತೆಯೇ ಅನ್ವಯಿಸುವುದರಿಂದ, ಪಾಪ, ಈ ಕಾಲದ ವಿದ್ಯಾರ್ಥಿಗಳು ಎರಡನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕು.

ಹೊಸ ಸಂಹಿತೆಯ ಕೆಲವು ಅಂಶಗಳನ್ನು ಗೃಹಸ್ಥರು ತಿಳಿದಿರುವುದು ಒಳಿತು. ಸಂಜ್ಞೇಯ ಅಪರಾಧ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದಂಥ ಅಪರಾಧ, ಯಾವ ಸರಹದ್ದಿನಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯವರು ದಾಖಲಿಸಿಕೊಳ್ಳದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯ ಮೂಲಕ ಬರೆಯಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ಸಾಕ್ಷಿಯಾಗಿ ವಿಚಾರಿಸಲು ಮಹಿಳೆಯರನ್ನೂ 60 ದಾಟಿದ ಪುರುಷರನ್ನೂ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಅವರಿರುವಲ್ಲಿಯೇ ವಿಚಾರಿಸಬೇಕು. ಸೂರ್ಯಾಸ್ತದಿಂದ ಸೂರ್ಯೋದಯದ ವರೆಗೆ, ವಿಶೇಷ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಮಹಿಳಾ ಅಧಿಕಾರಿಯೇ ಬಂದ ಹೊರತು, ಮಹಿಳೆಯರನ್ನು ಬಂಧಿಸುವಂತಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲವೆಂಬ ಕಾರಣದಿಂದ ಯಾರೂ ಸುಮ್ಮನಿರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಮಹಿಳೆಯರಿಗೂ ಬಂಧನದಲ್ಲಿರುವವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. 15100 ಸಂಖ್ಯೆಗೆ ದೂರವಾಣಿ ಮಾಡಿದರೂ ಸಾಕು.

ಸೆರೆಮನೆಯೊಳಗಿರುವವರೆಲ್ಲ ಅಪರಾಧಿಗಳೆಂಬ ಭಾವನೆಯನ್ನೂ ಆ ಪಾಠಗಳು ಅಲುಗಾಡಿಸಿದವು. 2022ರ ಕೊನೆಯಲ್ಲಿ ದೇಶದ ಬಂದೀಖಾನೆಗಳಲ್ಲಿದ್ದವರ ಪೈಕಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಜನ ವಿಚಾರಣಾಧೀನರು. ಅಂದರೆ ತೀರ್ಪನ್ನೇ ಕಾಣದವರು. 1979ರಲ್ಲಿ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಸೆರೆಮನೆಗಳ ಇಂಥ ಕೈದಿಗಳ ದುಃಸ್ಥಿತಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು, ಶೀಘ್ರ ವಿಚಾರಣೆಯೂ ಬದುಕುವ ಹಕ್ಕಿನ ಅಂಗವೆಂದು ಸಾರಲಾಯಿತು. ಅಂದಿನ ಮಾತು ಇಂದಿಗೂ ಪೂರ್ಣವಾಗಿ ನಡೆದಿಲ್ಲವೆಂಬುದನ್ನು ಹೇಳಲೇಬೇಕು.

ಶರಣ ಪರಂಪರೆಯ ನಮಗೆ ಈ ವಿಷಯ ಪರಕೀಯವಾಗಬೇಕಾಗಿಲ್ಲ. ಹರಳಯ್ಯ ಮಧುವರಸರಿಗೆ ಕಲ್ಯಾಣದ ಬೀದಿಯಲ್ಲಿ ವಿಧಿಸಿದ ಎಳೆಹೂಟೆಯ ಶಿಕ್ಷೆಯ ಕಥೆಯನ್ನು ಕೇಳುತ್ತಲೇ ಬೆಳೆದವರು ನಾವು. ಅರಸನು ದೂರನ್ನು ಕೇಳಿದ, ದಂಡಿಸಿದ, ನಡುವೆ ನ್ಯಾಯವೆಂಬುದಿರಲಿಲ್ಲ. ಪುರಾಣಪ್ರವಚನಗಳಲ್ಲಿ ಆ ಪ್ರಸಂಗ ಬಂದಾಗ ಕಣ್ಣೀರು ತರುವ ನಾವೇ ನೆರೆಮನೆಯ ಹುಡುಗನ ಹೆಸರು ದೂರಿನಲ್ಲಿ ಬಂದ ದಿನವೇ ಬೀಗತನ ಮುರಿಯುತ್ತೇವೆ. ವಚನಸಾಹಿತ್ಯದ ತಾಳೆಗರಿಗಳನ್ನು ಮನೆಮನೆ ಅಲೆದು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದ ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದವರೆಂಬುದನ್ನೂ ಇಲ್ಲಿ ನೆನೆಯಬೇಕು.

ಈ ಓದಿಗೆ ಹಾದಿಗಳೂ ಹಲವು. ಪಿ.ಯು.ಸಿ. ನಂತರ ಐದು ವರ್ಷಗಳ, ಪದವಿಯ ನಂತರ ಮೂರು ವರ್ಷಗಳ ಕಾನೂನು ವ್ಯಾಸಂಗವಿದೆ. 2009ರಲ್ಲಿ ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವೇ ಸ್ಥಾಪನೆಗೊಂಡಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವಿದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧ ನಡೆದ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಭೇಟಿ ಕೊಡಬೇಕೆಂದು ಹೊಸ ಸಂಹಿತೆ ಹೇಳುವುದರಿಂದ ವಿಜ್ಞಾನ ಓದಿದವರಿಗೂ ಅವಕಾಶ ಹೆಚ್ಚಲಿದೆ. ಉದ್ಯೋಗದ ಮಾತನ್ನು ಇಷ್ಟಕ್ಕೇ ಬಿಡುತ್ತೇವೆ.

ಕಳೆದ ಶ್ರಾವಣದಲ್ಲಿ ಮಠದ ಗೋಷ್ಠಿಯಲ್ಲಿ ನಮ್ಮ ಹುಡುಗಿಗೆ ಅರ್ಧ ತಾಸು ಮಾತನಾಡಲು ಅವಕಾಶವಾಯಿತು. ತಾಯಂದಿರೇ ಹೆಚ್ಚು ಪ್ರಶ್ನೆ ಕೇಳಿದರು. ಅರಿವೆ ಅಂಗಡಿಯವರು ಹಿಂದಿನ ಸಾಲಿನಲ್ಲಿ ಬಂದು ಕುಳಿತಿದ್ದರು. ಎಲ್ಲರೂ ಪ್ರಸಾದಕ್ಕೆ ಎದ್ದ ಮೇಲೆ ಅವಳ ಬಳಿ ಬಂದು, ಮಗ ನಿರ್ದೋಷಿಯೆಂಬ ತೀರ್ಪಿನ ಪ್ರತಿ ನ್ಯಾಯಾಲಯದ ಮೊಹರಿನೊಂದಿಗೆ ಸಿಕ್ಕೀತೇ ಎಂದು ಕೇಳಿದರು. ಅರ್ಜಿ ಕೊಟ್ಟು ಶುಲ್ಕ ತುಂಬಿದರೆ ದೃಢೀಕೃತ ಪ್ರತಿ ಸಿಗುತ್ತದೆಂದು ಹೇಳಿ, ಅಲ್ಲಿಯೇ ಪಂಕ್ತಿಯ ಪಕ್ಕದಲ್ಲಿ ಕುಳಿತು ಅವಳು ಅರ್ಜಿ ಬರೆದಳು. ಈ ಸಲ ಅವರು ಅದನ್ನು ಎರಡು ಬಾರಿ ಓದಿ, ಆಮೇಲೆ ಮಗನ ಕೈಯಲ್ಲಿ ಸಹಿ ಹಾಕಿಸಿದರು.