ಶೋರೂಮ್ ಮುಚ್ಚಿದರೆ ಕಾರಿನ ವಾರಂಟಿಯೂ ಹೋಗುತ್ತದೆಯೇ?

‘ಕಾರು ಕೊಂಡ ಶೋರೂಮ್ ಬಾಗಿಲು ಹಾಕಿದರೆ ವಾರಂಟಿ ರದ್ದು’ ಎಂಬ ಭಯ ಹಲವರಿಗಿದೆ. ಇದು ನಿಜವಲ್ಲ.

ತಲಘಟ್ಟಪುರದ ಬಳಿ, ಕನಕಪುರ ರಸ್ತೆಯ ಶೋರೂಮ್ ಒಂದರಲ್ಲಿ ನೀವು ಕಾರು ಕೊಂಡಿರಿ ಎಂದುಕೊಳ್ಳಿ. ಮಾರಿದ್ದು ಡೀಲರ್, ವಾರಂಟಿ ಕೊಟ್ಟಿದ್ದು ಕಾರು ತಯಾರಿಸಿದ ಕಂಪನಿ. ಹಾಗಾಗಿ ಅದೇ ಕಂಪನಿಯ ಬೇರೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೂ ವಾರಂಟಿ ಸಿಗುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ ಫೋರ್ಡ್ ಕೂಡ ಸರ್ವಿಸ್, ಬಿಡಿಭಾಗ, ವಾರಂಟಿ ಮುಂದುವರಿಯುತ್ತವೆ ಎಂದಿತ್ತು.

ಶೋರೂಮ್‌ಗಳು ಮುಚ್ಚುವುದೇಕೆ? ಡೀಲರ್‌ಗಳು ಸಾಮಾನ್ಯವಾಗಿ ಸಾಲ ಮಾಡಿ ಕಂಪನಿಯಿಂದ ಕಾರುಗಳನ್ನು ಮೊದಲೇ ಕೊಂಡಿರುತ್ತಾರೆ. ಮಾರಾಟ ಕುಸಿದರೆ ಕಾರು ನಿಂತಲ್ಲೇ ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಡೀಲರ್‌ಗಳ ಒಕ್ಕೂಟ ‘ಫಾಡಾ’ ಪ್ರಕಾರ, 2019ರ ಏಪ್ರಿಲ್‌ವರೆಗಿನ 18 ತಿಂಗಳಲ್ಲಿ ದೇಶದಲ್ಲಿ 286 ಶೋರೂಮ್‌ಗಳು ಮುಚ್ಚಿ, ಸುಮಾರು 32,000 ಮಂದಿ ಕೆಲಸ ಕಳೆದುಕೊಂಡರು.

ನಿಜವಾದ ಅಪಾಯ ಬೇರೆ: ಕಾರು ಕೈಸೇರುವ ಮೊದಲೇ ನೀವು ಕಟ್ಟಿದ ಹಣ. ಅದು ಇರುವುದು ಡೀಲರ್ ಬಳಿ. ಡೀಲರ್ ತಾನೇ ಮಾರಿದ ಸರ್ವಿಸ್ ಪ್ಯಾಕೇಜಿನ ಹಣವೂ ಅಷ್ಟೇ. ಆದ್ದರಿಂದ ಮುಂಗಡ ಕಡಿಮೆ ಇರಲಿ. ಸಿಬ್ಬಂದಿಯ ಸ್ವಂತ ಖಾತೆಗಲ್ಲ, ಸಂಸ್ಥೆಯ ಖಾತೆಗೇ ಕಟ್ಟಿ ರಸೀದಿ ಪಡೆಯಿರಿ. ತೊಂದರೆಯಾದರೆ ಕಂಪನಿಗೆ ಲಿಖಿತವಾಗಿ ತಿಳಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಇಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ನಿಮ್ಮ ವಾರಂಟಿ ಪುಸ್ತಕ ತೆರೆದು, ಅದರಲ್ಲಿ ಯಾರ ಹೆಸರಿದೆ ನೋಡಿ.