ಬುದ್ಧಿಶಕ್ತಿಗೂ ಮದ್ಯವ್ಯಸನಕ್ಕೂ ಇರುವ ನಂಟು

ಮನೆಯ ಗಂಡುಮಕ್ಕಳ ಕುಡಿತದ ಮಾತು ಬಂದಾಗ ಕಮಠಾಣದಂತಹ ನಮ್ಮ ಊರುಗಳಲ್ಲಿ ಎರಡು ಬಗೆಯ ಉತ್ತರಗಳನ್ನು ಕೇಳುತ್ತೇವೆ. ‘ನಮ್ಮ ಹುಡುಗ ಶ್ಯಾಣ್ಯಾ ಹಾನ, ಅವಗ ಅದು ಹತ್ತಲ್ಲ’ ಎಂಬುದು ಒಂದು. ‘ಅವಗ ಮೊದಲಿಂದಲೂ ತಲಿ ಇಲ್ಲ, ಅದಕ್ಕೇ ಕುಡುಕ ಆದ’ ಎಂಬುದು ಇನ್ನೊಂದು. ಮೊದಲನೆಯದು ಮನೆಯವರನ್ನು ಮೈಮರೆಸುತ್ತದೆ. ಎರಡನೆಯದು ಕೈಚೆಲ್ಲುವಂತೆ ಮಾಡುತ್ತದೆ. ಬುದ್ಧಿಶಕ್ತಿಗೂ ಮದ್ಯವ್ಯಸನಕ್ಕೂ ನಿಜವಾಗಿ ಏನಾದರೂ ಸಂಬಂಧವಿದೆಯೇ ಎಂಬುದನ್ನು ವೈದ್ಯವಿಜ್ಞಾನ ಅಳೆದು ನೋಡಿದೆ. ಅದನ್ನು ಭಕ್ತರ ಮುಂದಿಡಬಯಸುತ್ತೇವೆ.

ಈ ಬಗ್ಗೆ ಹೆಚ್ಚಿನ ತಿಳಿವಳಿಕೆ ಬಂದಿರುವುದು ಸ್ವೀಡನ್ ದೇಶದಿಂದ. ಅಲ್ಲಿ ಗಂಡಸರಿಗೆ ಸೈನ್ಯಸೇವೆ ಕಡ್ಡಾಯವಾಗಿದ್ದ ಕಾಲದಲ್ಲಿ, ಸುಮಾರು 18ನೆಯ ವಯಸ್ಸಿನ ತರುಣರೆಲ್ಲರಿಗೂ ಬುದ್ಧಿಶಕ್ತಿಯ ಪರೀಕ್ಷೆ ನಡೆಯುತ್ತಿತ್ತು. ಮುಂದೆ ಅವರಲ್ಲಿ ಯಾರು ಮದ್ಯದ ಕಾಯಿಲೆಗೆ ಚಿಕಿತ್ಸೆ ಪಡೆದರು ಎಂಬುದು ಆ ದೇಶದ ಸರ್ಕಾರಿ ದಾಖಲೆಗಳಲ್ಲಿ ಉಳಿದಿದೆ. ಎರಡನ್ನೂ ಹೋಲಿಸಿ ನೋಡುವುದು ಹೀಗೆ ಸಾಧ್ಯವಾಯಿತು. ಈ ಅಧ್ಯಯನಗಳು ಗಂಡಸರ ಕುರಿತೇ ಹೇಳುವುದಕ್ಕೆ ಕಾರಣವೂ ಇದೇ. 1950ರಿಂದ 1962ರ ನಡುವೆ ಜನಿಸಿದ 5 ಲಕ್ಷ 70 ಸಾವಿರಕ್ಕೂ ಹೆಚ್ಚು ಪುರುಷರನ್ನು ಕುರಿತ, 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾರುಣ್ಯದಲ್ಲಿ ಕಡಿಮೆ ಅಂಕ ಪಡೆದವರಿಗೆ ಮುಂದೆ ಮದ್ಯವ್ಯಸನ ತಗಲುವ ಸಂಭವ ಸುಮಾರು ಶೇ. 40ರಷ್ಟು ಹೆಚ್ಚು ಕಂಡುಬಂದಿತು.

ಶೇ. 40 ಎಂದೊಡನೆ ಗಾಬರಿಯಾಗಬೇಕಿಲ್ಲ. ಲೆಕ್ಕಕ್ಕಾಗಿ ಹೀಗೆ ಭಾವಿಸೋಣ: ಒಂದು ಗುಂಪಿನ 100 ಜನರಲ್ಲಿ 5 ಜನ ವ್ಯಸನಿಗಳಾಗುತ್ತಾರೆಂದರೆ, ಸಂಭವ ಶೇ. 40 ಹೆಚ್ಚಿರುವ ಗುಂಪಿನಲ್ಲಿ 7 ಜನ ಆಗುತ್ತಾರೆ. ಆ ಗುಂಪಿನಲ್ಲಿಯೂ ಉಳಿದ 93 ಜನ ವ್ಯಸನಕ್ಕೆ ಬೀಳುವುದಿಲ್ಲ. ಮೊದಲ ಗುಂಪಿನ 5 ಜನರನ್ನು ಅವರ ಜಾಣತನ ಕಾಪಾಡಲೂ ಇಲ್ಲ.

ಇದಕ್ಕೆ ವ್ಯತಿರಿಕ್ತವಾದ ಫಲಿತಾಂಶವೂ ಇದೆ. ಬ್ರಿಟನ್ನಿನಲ್ಲಿ 1970ರ ಏಪ್ರಿಲ್‌ನ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳನ್ನು 10ನೆಯ ವಯಸ್ಸಿನಲ್ಲಿ ಪರೀಕ್ಷಿಸಿ, 30ನೆಯ ವಯಸ್ಸಿನಲ್ಲಿ ಅವರ ಕುಡಿತದ ಬಗ್ಗೆ ವಿಚಾರಿಸಲಾಯಿತು. ಅಲ್ಲಿ ಬಾಲ್ಯದಲ್ಲಿ ಹೆಚ್ಚು ಅಂಕ ಪಡೆದವರೇ ಹೆಚ್ಚು ಕುಡಿಯುತ್ತಿದ್ದರು, ತೊಂದರೆಗಳನ್ನೂ ಹೆಚ್ಚು ಅನುಭವಿಸುತ್ತಿದ್ದರು. ಸ್ತ್ರೀಯರಲ್ಲಿ ಈ ನಂಟು ಇನ್ನೂ ಬಲವಾಗಿತ್ತು. ಬುದ್ಧಿಶಕ್ತಿಯೊಂದೇ ಕುಡಿತವನ್ನು ತರುವುದಾಗಲಿ ತಡೆಯುವುದಾಗಲಿ ಆಗಿದ್ದರೆ ಎರಡು ದೇಶಗಳಲ್ಲಿ ಹೀಗೆ ಎರಡು ಬಗೆಯಾಗುತ್ತಿರಲಿಲ್ಲ. ಬುದ್ಧಿಶಕ್ತಿ ಮನುಷ್ಯನನ್ನು ಯಾವ ಶಾಲೆಗೆ, ಯಾವ ಉದ್ಯೋಗಕ್ಕೆ, ಎಂತಹವರ ಸಂಗಕ್ಕೆ ಕೊಂಡೊಯ್ಯುತ್ತದೆ ಎಂಬುದರ ಮೂಲಕವೇ ಅದರ ಬಹುಪಾಲು ಪರಿಣಾಮ ಉಂಟಾಗುತ್ತದೆ ಎಂದು ನಾವು ತಿಳಿಯುತ್ತೇವೆ.

ನಮ್ಮ ಜಿಲ್ಲೆಯಲ್ಲಿಯೇ ಈ ಎರಡು ದಾರಿಗಳನ್ನು ಕಾಣಬಹುದು. ಗಣಿತ, ಇಂಗ್ಲಿಷ್ ಹತ್ತದೆ ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣನಾದ ಹುಡುಗ ಹೈದರಾಬಾದಿನ ಕಟ್ಟಡ ಕೆಲಸಕ್ಕೋ ಹೋಟೆಲಿಗೋ ಸೇರುತ್ತಾನೆ. ಹದಿನಾರು ಹದಿನೇಳರ ವಯಸ್ಸಿಗೆ ಕೈಯಲ್ಲಿ ಕೂಲಿಯ ಹಣ, ಮೈತುಂಬ ದಣಿವು. ಸಂಜೆಯಾದರೆ ಹಿರಿಯ ಕೆಲಸಗಾರರ ಸಂಗ. ಮುಂದಿನ ಪರಿಣಾಮವನ್ನು ತೂಗಿ ನೋಡಿ ಆಸೆಯನ್ನು ತಡೆಯುವ ಮಿದುಳಿನ ಮುಂಭಾಗವು ಪೂರ್ಣವಾಗಿ ಬಲಿಯುವುದು ಸುಮಾರು 25ನೆಯ ವಯಸ್ಸಿಗೆ. ಆ ವಯಸ್ಸಿನೊಳಗೆ ಕುಡಿತ ಆರಂಭವಾದಷ್ಟೂ ಅದು ಬೇರೂರುವ ಸಂಭವ ಹೆಚ್ಚು. ಈ ಹುಡುಗನ ಕೇಡಿಗೆ ಅವನ ಕಡಿಮೆ ಅಂಕಕ್ಕಿಂತ, ಅವನನ್ನು ‘ದಡ್ಡ’ ಎಂದು ಜರೆದು ಶಾಲೆ ಬಿಡಿಸಿದ ನಮ್ಮ ನಡವಳಿಕೆಯೇ ಹೆಚ್ಚು ಕಾರಣವಲ್ಲವೇ? ಓದು ನಿಧಾನವಾದರೂ ಐಟಿಐಯಲ್ಲೋ ಬೇರಾವುದೋ ಕುಶಲ ಕೆಲಸದ ತರಬೇತಿಯಲ್ಲೋ ಅವನನ್ನು ಇನ್ನೆರಡು ವರ್ಷ ಉಳಿಸಿಕೊಳ್ಳುವುದು ಅವನ ಆರೋಗ್ಯರಕ್ಷಣೆಯೂ ಹೌದು.

ಜಾಣ ಹುಡುಗನ ದಾರಿ ಬೇರೆ. ಇಂಜಿನಿಯರಿಂಗ್ ಮುಗಿಸಿ ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿ ಹಿಡಿದವನಿಗೆ ವಾರಾಂತ್ಯದ ಕೂಟಗಳು, ಒಳ್ಳೆಯ ಸಂಬಳ. ಅವನು ಕುಡಿತವನ್ನು ಮರೆಮಾಚಬಲ್ಲ, ಅದಕ್ಕೆ ಕಾರಣಗಳನ್ನೂ ಚೆನ್ನಾಗಿ ಹೇಳಬಲ್ಲ. ಹೀಗಾಗಿ ಮನೆಯವರಿಗೆ ವಿಷಯ ತಿಳಿಯುವ ಹೊತ್ತಿಗೆ ಯಕೃತ್ತು ಕೆಟ್ಟಿರುವುದುಂಟು. ಬಹುಕಾಲದ ಕುಡಿತ ಬುದ್ಧಿಯನ್ನೇ ಸವೆಸುತ್ತದೆ ಎಂಬುದನ್ನೂ ಮರೆಯಬಾರದು. ಊಟ ಬಿಟ್ಟು ಕುಡಿಯುವವರಲ್ಲಿ ಬಿ1 ಜೀವಸತ್ವದ ಕೊರತೆಯಾಗಿ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ‘ಬುದ್ಧಿ ಇಲ್ಲದ್ದಕ್ಕೆ ಕುಡಿದ’ ಎಂದು ನಾವು ಹೇಳುವ ಎಷ್ಟೋ ಜನರಲ್ಲಿ ನಡೆದಿರುವುದು ಇದರ ತಿರುಗುಮುರುಗು.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳನ್ನು ಇಲ್ಲಿ ಸ್ಮರಿಸಬೇಕು. ಪೂಜ್ಯರು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ಭಿಕ್ಷೆಯಾಗಿ ಜನರ ದುಶ್ಚಟಗಳನ್ನು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಆ ಜೋಳಿಗೆ ಜಾಣರನ್ನೂ ದಡ್ಡರನ್ನೂ ಬೇರ್ಪಡಿಸಿ ನೋಡಲಿಲ್ಲ. ಆದರೆ ಮಠದಲ್ಲಿ ಆಣೆ ಮಾಡಿ ಒಮ್ಮೆಲೇ ಕುಡಿತ ಬಿಡುವ ಭಕ್ತರ ಮನೆಯವರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬೆಳಿಗ್ಗೆ ಎದ್ದೊಡನೆ ಕೈ ನಡುಗುವವರು, ಬೆವರುವವರು, ಕುಡಿದ ಮೇಲೆಯೇ ಸಮಾಧಾನವಾಗುವವರು ಥಟ್ಟನೆ ಬಿಟ್ಟರೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಜ್ವರ, ಗೊಂದಲ, ಇಲ್ಲದ್ದು ಕಾಣುವುದು ಆರಂಭವಾಗಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೆ ಅಪಾಯ. ಇದನ್ನು ದೆವ್ವದ ಕಾಟವೆಂದು ತಿಳಿದು ಕಾಲ ಕಳೆಯಬಾರದು. ಇಂತಹವರು ವೈದ್ಯರ ನಿಗಾದಲ್ಲಿಯೇ ಬಿಡಬೇಕು. ಆಣೆ ಮಾಡುವ ಮುನ್ನ ಆಸ್ಪತ್ರೆಗೆ ಹೋಗಿ ಬಂದರೆ ಆಣೆಯ ಬೆಲೆಯೇನೂ ಕಡಿಮೆಯಾಗುವುದಿಲ್ಲ.

ದೆಹಲಿಯ ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ನಮ್ಮವರಿಗೆ ಬೀದರಿನ ಬ್ರಿಮ್ಸ್ ಆಸ್ಪತ್ರೆ ಹತ್ತಿರವೇ ಇದೆ. 14416 ಸಂಖ್ಯೆಯ ಟೆಲಿಮಾನಸ್ ಸಹಾಯವಾಣಿಗೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಗ್ರಹಿಕೆ ನಿಧಾನವಿರುವವನನ್ನು ವೈದ್ಯರ ಬಳಿ ಒಬ್ಬನನ್ನೇ ಕಳುಹಿಸಬಾರದು. ಮೂರು ಬಗೆಯ ಗುಳಿಗೆಗಳು, ಮರುಭೇಟಿಯ ದಿನ, ಪಥ್ಯ ಇವೆಲ್ಲ ಅವನ ನೆನಪಿನಲ್ಲಿ ನಿಲ್ಲುವುದಿಲ್ಲ. ಹೆಂಡತಿಯೋ ಅಣ್ಣನೋ ಜೊತೆಗಿದ್ದು ವೈದ್ಯರ ಮಾತನ್ನು ಕೇಳಿಸಿಕೊಂಡು, ಗುಳಿಗೆಗಳನ್ನು ತಮ್ಮ ಕೈಯಿಂದಲೇ ಕೊಡಲಿ. ಅವನಿಗೆ ದೀರ್ಘ ಉಪದೇಶ ಬೇಡ. ಇವತ್ತು ಕೂಲಿ ಮುಗಿದೊಡನೆ ಯಾವ ದಾರಿಯಿಂದ ಮನೆಗೆ ಬರಬೇಕು ಎಂಬ ಒಂದೇ ಮಾತು ಸಾಕು. ನಾಳಿನದನ್ನು ನಾಳೆ ಹೇಳಬಹುದು.